ಬಿಡುವಿನ ಬಳಿಕ ಮರಳಿ ಓಟಕ್ಕೆ: ತಡೆದು ಓಡುವ ಕ್ರಮ

ಮಳೆಗಾಲ ಹಿಂದೆ ಸರಿದು ನವರಾತ್ರಿ ಹತ್ತಿರವಾಗುವ ಹೊತ್ತಿಗೆ, ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ. ಮೇ ತಿಂಗಳವರೆಗೆ ವಾರಕ್ಕೆ 40 ಕಿಲೋಮೀಟರ್ ಓಡುತ್ತಿದ್ದವರು ಜೂನ್‌ನಲ್ಲಿ ಮಳೆ ಹಿಡಿದಾಗ ನಿಲ್ಲಿಸಿರುತ್ತಾರೆ. ಕೆಲವರನ್ನು ನಡುವೆ ಡೆಂಗಿ ಜ್ವರ ಮಲಗಿಸಿರುತ್ತದೆ, ಇನ್ನು ಕೆಲವರಿಗೆ ಅಡಿಕೆಗೆ ಮದ್ದು ಬಿಡಿಸುವ ಓಡಾಟದಲ್ಲಿ ಬೂಟು ಕಟ್ಟಲು ಪುರುಸೊತ್ತಾಗಿರುವುದಿಲ್ಲ. ಈಗ ಮಂಗಳೂರಿನ ಅರ್ಧ ಮ್ಯಾರಥಾನೋ ಜನವರಿಯ ಮುಂಬೈ ಮ್ಯಾರಥಾನೋ ಕಣ್ಣ ಮುಂದಿದೆ. ಎಲ್ಲಿಂದ ಶುರು ಮಾಡಬೇಕು, ಹಿಂದಿನ ಮಟ್ಟಕ್ಕೆ ಬರಲು ಎಷ್ಟು ದಿನ ಬೇಕು ಎಂಬುದು ಅವರ ಪ್ರಶ್ನೆ. ಹೊಸಬರಿಗೆ ಹೇಳುವ ಉತ್ತರ ಇವರಿಗೆ ಹೊಂದುವುದಿಲ್ಲ. ಹೊಸಬರನ್ನು ಓಡುವಂತೆ ಹುರಿದುಂಬಿಸಬೇಕಾಗುತ್ತದೆ, ಹಿಂದೆ ಓಡಿ ಬಲ್ಲವರನ್ನು ತಡೆದು ನಿಲ್ಲಿಸಬೇಕಾಗುತ್ತದೆ.

ಈ ಲೇಖನವನ್ನು ದೂರದ ಓಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸೈಕಲ್ ತುಳಿಯುವವರಿಗೂ ಈಜುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ತಡೆಯಬೇಕಾದದ್ದು ಏಕೆ

ದೂರದ ಓಟಕ್ಕೆ ಬೇಕಾದ ಶಕ್ತಿಗಳೆಲ್ಲ ಒಂದೇ ವೇಗದಲ್ಲಿ ಕಳೆದುಹೋಗುವುದಿಲ್ಲ, ಒಂದೇ ವೇಗದಲ್ಲಿ ಮರಳುವುದೂ ಇಲ್ಲ. ಓಟ ನಿಲ್ಲಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಕಡಿಮೆಯಾಗತೊಡಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಇದರಿಂದ ಇಳಿಯುತ್ತದೆ, ಅದೇ ವೇಗಕ್ಕೆ ನಾಡಿ ಜಾಸ್ತಿ ಓಡುತ್ತದೆ. ಅಮೆರಿಕದ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ತರಬೇತಿ ನಿಲ್ಲಿಸಿದ ಮೊದಲ 3 ವಾರಗಳೊಳಗೆ ಅವರ ಗರಿಷ್ಠ ಆಮ್ಲಜನಕ ಬಳಕೆ (ಪೂರ್ತಿ ಶ್ರಮದಲ್ಲಿ ದೇಹ ಒಂದು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಪ್ರಮಾಣ) ಸುಮಾರು ಶೇಕಡಾ 7ರಷ್ಟು ಇಳಿದಿತ್ತು. 8 ವಾರಗಳ ಹೊತ್ತಿಗೆ ಇಳಿಕೆ ಶೇಕಡಾ 16ಕ್ಕೆ ತಲುಪಿ ಅಲ್ಲಿಗೆ ನಿಂತಿತ್ತು. ವರ್ಷಗಳ ಅಭ್ಯಾಸದಿಂದ ಸ್ನಾಯುಗಳಲ್ಲಿ ಹುಟ್ಟಿಕೊಂಡ ಸೂಕ್ಷ್ಮ ರಕ್ತನಾಳಗಳು ಮಾತ್ರ ಅಷ್ಟು ಸುಲಭಕ್ಕೆ ಅಳಿದಿರಲಿಲ್ಲ. ಹಳೆಯ ಓಟಗಾರನಿಗೆ ಎರಡು ಮೂರು ವಾರಗಳಲ್ಲೇ ದಮ್ಮು ಮರಳಿ ಬಂದಂತೆ ಅನಿಸುವುದಕ್ಕೆ ಇಂಥ ಉಳಿಕೆಗಳೂ, ಬೇಗನೆ ತುಂಬಿಕೊಳ್ಳುವ ರಕ್ತದ ದ್ರವಭಾಗವೂ ಕಾರಣ.

ಎಲುಬು ಮತ್ತು ಸ್ನಾಯುರಜ್ಜುಗಳ (ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಗಟ್ಟಿ ಹುರಿಗಳ) ವಿಷಯ ಹಾಗಲ್ಲ. ಭಾರ ಬಿದ್ದಾಗ ಎಲುಬು ನೇರವಾಗಿ ಗಟ್ಟಿಯಾಗುವುದಿಲ್ಲ. ಅದು ಮೊದಲು ಹಳೆಯ, ದಣಿದ ಭಾಗವನ್ನು ಕೆರೆದು ತೆಗೆಯುತ್ತದೆ, ಬಳಿಕ ಆ ಜಾಗವನ್ನು ಹೊಸದಾಗಿ ತುಂಬುತ್ತದೆ. ತೆಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬುವುದಕ್ಕೆ ತಿಂಗಳುಗಳು ಬೇಕು. ಹೊಸ ಹಂಚು ಹೊದಿಸಲೆಂದು ಹಳೆಯ ಹಂಚು ಇಳಿಸಿದ ಮಾಡಿನಂತೆ, ಈ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತಲೂ ತುಸು ದುರ್ಬಲವಾಗಿರುತ್ತದೆ. ದಮ್ಮು ಮರಳಿ, ಧೈರ್ಯ ಬಂದು, ಓಟಗಾರ ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸುವುದು ಸರಿಯಾಗಿ ಇದೇ ಅವಧಿಯಲ್ಲಿ. ಮೊದಲ ವಾರ ಯಾವ ನೋವೂ ಇಲ್ಲದೆ ಕಳೆದವರು ಒಂದೂವರೆ ತಿಂಗಳಾಗುವಾಗ ಕುಂಟುತ್ತಾ ಬರುವುದರ ಗುಟ್ಟು ಇಷ್ಟೇ. ಆದ್ದರಿಂದ ಈ ದಿನಗಳಲ್ಲಿ ಎಷ್ಟು ಓಡಬೇಕೆಂಬುದನ್ನು ಆ ಹೊತ್ತಿನ ಹುರುಪಿಗೆ ಬಿಡದೆ ಮೊದಲೇ ಬರೆದಿಟ್ಟುಕೊಂಡು, ಇನ್ನೂ ಓಡಬಲ್ಲೆ ಅನಿಸಿದಾಗಲೂ ಅಲ್ಲಿಗೇ ನಿಲ್ಲಿಸಬೇಕು.

ಹೆಜ್ಜೆ 1: ಮೊದಲು ವೈದ್ಯರನ್ನು ಕಾಣಬೇಕಾದವರು ಯಾರು

ಎದೆನೋವು, ಶ್ರಮದ ನಡುವೆ ತಲೆ ತಿರುಗುವಿಕೆ ಅಥವಾ ಪ್ರಜ್ಞೆ ತಪ್ಪುವಿಕೆ, ಕಾರಣವಿಲ್ಲದ ಏದುಸಿರು, ತಪ್ಪಿ ತಪ್ಪಿ ಬಡಿಯುವ ನಾಡಿ ಇವುಗಳಲ್ಲಿ ಒಂದಿದ್ದರೂ ಓಟಕ್ಕೆ ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತಕ್ಕೆ ಒಳಗಾಗಿದ್ದವರು ನಲವತ್ತರ ಆಸುಪಾಸಿನಲ್ಲಿದ್ದರಂತೂ ಈ ಭೇಟಿಯನ್ನು ಮುಂದೂಡಬಾರದು. ಇಸಿಜಿ, ಬೇಕೆನಿಸಿದರೆ ಟಿಎಂಟಿ (ಚಲಿಸುವ ಪಟ್ಟಿಯ ಮೇಲೆ ನಡೆಸುತ್ತಾ ಹೃದಯದ ಕೆಲಸವನ್ನು ದಾಖಲಿಸುವ ಪರೀಕ್ಷೆ) ಮಾಡಿಸುವ ನಿರ್ಧಾರ ವೈದ್ಯರದ್ದು. ಹಿಂದೆ ಮ್ಯಾರಥಾನ್ ಮುಗಿಸಿದ್ದೇನೆ ಎಂಬುದು ಹೃದಯಕ್ಕೆ ಸಿಕ್ಕ ಅರ್ಹತಾಪತ್ರವಲ್ಲ.

ಜ್ವರದಿಂದ ಎದ್ದವರು ಇನ್ನೊಂದು ಮಾತನ್ನು ನೆನಪಿಡಬೇಕು. ಬರೀ ನೆಗಡಿಯಾಗಿದ್ದು ತೊಂದರೆ ಕತ್ತಿನಿಂದ ಮೇಲಕ್ಕೆ ಮಾತ್ರ ಇದ್ದರೆ ಲಘು ನಡಿಗೆಗೆ ಅಡ್ಡಿಯಿಲ್ಲ. ಜ್ವರ, ಮೈಕೈ ನೋವು, ಎದೆಯ ಕಫ ಇದ್ದರೆ ಓಟ ಬೇಡ. ವೈರಸ್ ಸೋಂಕು ಕೆಲವೊಮ್ಮೆ ಹೃದಯದ ಸ್ನಾಯುವಿನಲ್ಲಿ ಉರಿಯೂತ ತರುತ್ತದೆ. ಅದು ಖಚಿತವಾದರೆ 3ರಿಂದ 6 ತಿಂಗಳು ಶ್ರಮದ ವ್ಯಾಯಾಮ ನಿಲ್ಲಿಸುವಂತೆ ವೈದ್ಯರು ಹೇಳುವುದು ವಾಡಿಕೆ. ಡೆಂಗಿಯ ಬಳಿಕ ಪ್ಲೇಟ್‌ಲೆಟ್ ಲೆಕ್ಕ ಸರಿಹೋದರೂ ಸುಸ್ತು ವಾರಗಟ್ಟಲೆ ಉಳಿಯಬಹುದು. ಮನೆಕೆಲಸ, ಮೆಟ್ಟಿಲು, ಪೇಟೆಯ ಓಡಾಟ ಇವೆಲ್ಲ ದಣಿವಿಲ್ಲದೆ ಸಾಗುವವರೆಗೆ ಓಟದ ಯೋಚನೆ ಬೇಡ.

ಹೆಜ್ಜೆ 2: ಬಿಡುವಿನ ಲೆಕ್ಕ ಹಾಕಿ

ಕೊನೆಯ ಬಾರಿ ನಿಯಮಿತವಾಗಿ ಓಡಿದ್ದು ಯಾವಾಗ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಜುಲೈಯಲ್ಲಿ ಮಳೆ ಬಿಟ್ಟ ಒಂದು ದಿನ ಓಡಿದ್ದನ್ನು ಹಿಡಿದುಕೊಂಡು ಬಿಡುವನ್ನು ಕಡಿಮೆ ಮಾಡಿ ತೋರಿಸಬೇಡಿ. ನಾನು ಸೂಚಿಸುವ ಲೆಕ್ಕ ಹೀಗಿದೆ:

ಒಂದು ವಾರದವರೆಗಿನ ಬಿಡುವಾದರೆ ಎರಡು ಮೂರು ದಿನ ಹಗುರವಾಗಿ ಓಡಿ ಹಿಂದಿನ ಕ್ರಮಕ್ಕೆ ಮರಳಬಹುದು. ಎರಡರಿಂದ ನಾಲ್ಕು ವಾರವಾಗಿದ್ದರೆ ಹಿಂದಿನ ವಾರದ ದೂರದ ಅರ್ಧದಿಂದ ಶುರುಮಾಡಿ, ವೇಗದ ಓಟವನ್ನು ಪೂರ್ತಿ ಬದಿಗಿಡಿ. ಒಂದರಿಂದ ಮೂರು ತಿಂಗಳಾಗಿದ್ದರೆ ಮುಂದೆ ಹೇಳುವ ನಡಿಗೆ-ಓಟದ ಕ್ರಮದಿಂದಲೇ ತೊಡಗಬೇಕು. ಮೂರು ತಿಂಗಳು ದಾಟಿದ್ದರೆ, ಅಥವಾ ಬಿಡುವಿಗೆ ಗಾಯವೇ ಕಾರಣವಾಗಿದ್ದರೆ, ಅದಕ್ಕೂ ಮೊದಲು ಎರಡು ವಾರ ದಿನಕ್ಕೆ 30ರಿಂದ 45 ನಿಮಿಷ ಬಿರುಸಿನ ನಡಿಗೆ ಮಾತ್ರ.

ಇಲ್ಲಿ ಆಗುವ ತಪ್ಪು ಒಂದೇ: ಹಳೆಯ ದಾಖಲೆಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು. ಕಳೆದ ವರ್ಷ ಕಿಲೋಮೀಟರಿಗೆ ಆರು ನಿಮಿಷದಲ್ಲಿ ಓಡುತ್ತಿದ್ದವರಿಗೆ ಈಗ ಏಳೂವರೆ ನಿಮಿಷ ಬೇಕಾಗುವುದು ನಾಚಿಕೆಯ ವಿಷಯವೇನಲ್ಲ. ಓಟದ ದಾಖಲೆ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಎಂಬ ಸಂಕಟವಿದ್ದರೆ ಖಾತೆಯನ್ನು ಎರಡು ತಿಂಗಳು ಖಾಸಗಿಯಾಗಿಡಿ.

ಹೆಜ್ಜೆ 3: ಕಾಲನ್ನೂ ಬೂಟನ್ನೂ ಪರೀಕ್ಷಿಸಿ

ಓಡುವ ಮೊದಲು ಮನೆಯ ಮೆಟ್ಟಿಲ ಬಳಿ ಈ ಪರೀಕ್ಷೆಗಳನ್ನು ಮಾಡಿ. ಗೋಡೆಗೆ ಬೆರಳು ತಾಗಿಸಿ ಒಂದೇ ಕಾಲಿನಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಪೂರ್ತಿ ಎತ್ತಿ ಇಳಿಸಿ. ಮೊಣಕಾಲು ಮಡಚದೆ, ಎತ್ತರ ಕುಗ್ಗದೆ ಒಂದೊಂದು ಕಾಲಿಗೆ 20 ಬಾರಿ ಆಗಬೇಕು. ಹತ್ತರಲ್ಲೇ ಮೀನಖಂಡ ನಡುಗತೊಡಗಿದರೆ, ನಿಮ್ಮ ದಮ್ಮು ಎಷ್ಟೇ ಚೆನ್ನಾಗಿರಲಿ, ಕಾಲು ಸಿದ್ಧವಾಗಿಲ್ಲ. ಅದೇ ಕಾಲಿನಲ್ಲಿ 10 ಬಾರಿ ಕುಪ್ಪಳಿಸಿದಾಗ ನೋವು ಬರಬಾರದು. ಕೊನೆಗೆ ಮೊಣಕಾಲಿನ ಕೆಳಗೆ ಮುಂಬದಿಯ ಎಲುಬಿನ ಒಳ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದೇ ಬಿಂದುವಿನಲ್ಲಿ ಚುರುಕ್ಕೆನ್ನುವ ನೋವಿದ್ದರೆ ಓಟಕ್ಕೆ ಇಳಿಯದೆ ಮೂಳೆ ವೈದ್ಯರಿಗೆ ತೋರಿಸಿ.

ಹಿಮ್ಮಡಿ ಎತ್ತುವುದನ್ನು ಪರೀಕ್ಷೆಯಾಗಿ ಮಾತ್ರ ಬಿಡದೆ, ವಾರಕ್ಕೆ ಮೂರು ದಿನ ಮೆಟ್ಟಿಲ ಅಂಚಿನಲ್ಲಿ ನಿಂತು 15ರಂತೆ ಮೂರು ಸುತ್ತು ಮಾಡಿ. ಕುರ್ಚಿಯಿಂದ ಒಂದೇ ಕಾಲಿನಲ್ಲಿ ಏಳುವುದು, ಮಲಗಿ ಸೊಂಟ ಎತ್ತುವುದು ಜತೆಗಿದ್ದರೆ ಇನ್ನೂ ಒಳ್ಳೆಯದು. ಸ್ನಾಯುರಜ್ಜು ಗಟ್ಟಿಯಾಗುವುದು ಈ ನಿಧಾನದ ಭಾರದಿಂದಲೇ ಹೊರತು ಕಾಲು ನೀಡಿ ಎಳೆಯುವುದರಿಂದಲ್ಲ.

ನಮ್ಮ ಕರಾವಳಿಯ ತೇವದಲ್ಲಿ ಮೂರು ತಿಂಗಳು ಮೂಲೆಯಲ್ಲಿದ್ದ ಬೂಟನ್ನು ನೋಡದೆ ಕಾಲಿಗೇರಿಸಬೇಡಿ. ಬೂಷ್ಟು ಹಿಡಿದದ್ದನ್ನು ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸರಿಯಾಗುತ್ತದೆ, ಆದರೆ ಅಡಿಯ ಅಂಟು ಬಿಟ್ಟಿದೆಯೇ ಎಂದು ಬೂಟನ್ನು ಎರಡೂ ಕೈಗಳಿಂದ ಬಾಗಿಸಿ ನೋಡಬೇಕು. ನಡುವಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಅದುಮಿದಾಗ ಅದು ಮರದಂತೆ ಗಟ್ಟಿಯಾಗಿದ್ದರೆ, ಅಥವಾ ಬದಿಯಲ್ಲಿ ಅಡ್ಡ ಸುಕ್ಕುಗಳು ಆಳವಾಗಿದ್ದರೆ, ಆ ಬೂಟು ತೋಟಕ್ಕೆ ಸಾಕು, ಓಟಕ್ಕೆ ಬೇಡ.

ಹೆಜ್ಜೆ 4: ನಡಿಗೆ-ಓಟದ ಏಳು ವಾರ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಓಡಬೇಕು. ಪ್ರತಿ ಬಾರಿಯೂ ಮೊದಲ ಐದು ಮತ್ತು ಕೊನೆಯ ಐದು ನಿಮಿಷ ನಡಿಗೆ. ಅವುಗಳ ನಡುವಿನ ಭಾಗ ಹೀಗಿರಲಿ:

ವಾರ 1: 1 ನಿಮಿಷ ಓಟ, 2 ನಿಮಿಷ ನಡಿಗೆ, 10 ಸುತ್ತು.
ವಾರ 2: 2 ನಿಮಿಷ ಓಟ, 2 ನಿಮಿಷ ನಡಿಗೆ, 7 ಸುತ್ತು.
ವಾರ 3: 4 ನಿಮಿಷ ಓಟ, 2 ನಿಮಿಷ ನಡಿಗೆ, 5 ಸುತ್ತು.
ವಾರ 4: ಎರಡನೆಯ ವಾರದ ಕ್ರಮವನ್ನೇ ಎರಡು ದಿನ ಮಾತ್ರ.
ವಾರ 5: 6 ನಿಮಿಷ ಓಟ, 2 ನಿಮಿಷ ನಡಿಗೆ, 4 ಸುತ್ತು.
ವಾರ 6: 9 ನಿಮಿಷ ಓಟ, 1 ನಿಮಿಷ ನಡಿಗೆ, 3 ಸುತ್ತು.
ವಾರ 7: 30 ನಿಮಿಷ ನಿಲ್ಲದ ಹಗುರ ಓಟ.

ನಾಲ್ಕನೆಯ ವಾರವನ್ನು ಜನ ಹಾರಿಸಿಬಿಡುತ್ತಾರೆ, ಏಕೆಂದರೆ ಆ ಹೊತ್ತಿಗೆ ಹುರುಪು ತುಂಬಿರುತ್ತದೆ. ಎಲುಬಿನ ಬಗ್ಗೆ ಮೇಲೆ ಹೇಳಿದ್ದು ನೆನಪಿದ್ದರೆ, ಅದು ಹಾರಿಸಬಾರದ ವಾರ ಎಂಬುದು ತಿಳಿಯುತ್ತದೆ. ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಿ. ಸುಲಭವೆನಿಸಿದರೆ ಮುಂದಿನದಕ್ಕೆ ಜಿಗಿಯಬೇಡಿ. ಈ ಎರಡನೆಯ ಮಾತನ್ನು ಪಾಲಿಸುವುದೇ ಹಳೆಯ ಓಟಗಾರರಿಗೆ ಕಷ್ಟ.

ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ನಿಯಮ ಏನಾಯಿತು ಎಂದು ಕೇಳುವವರಿದ್ದಾರೆ. ವಾರಕ್ಕೆ ಅರ್ಧ ಗಂಟೆ ಓಡುವವರಿಗೆ ಹತ್ತರಲ್ಲಿ ಒಂದು ಪಾಲೆಂದರೆ ಮೂರೇ ನಿಮಿಷ. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಆ ಲೆಕ್ಕಕ್ಕೆ ಅರ್ಥವಿಲ್ಲ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ನಿಯಮದಂತೆ ನಿಧಾನವಾಗಿ ಏರಿಸಿದ ಗುಂಪಿನಲ್ಲೂ ಬೇಗ ಏರಿಸಿದ ಗುಂಪಿನಲ್ಲೂ ಐವರಲ್ಲಿ ಒಬ್ಬರಂತೆ ಗಾಯಗೊಂಡಿದ್ದರು. ಇದಕ್ಕಿಂತ ಉಪಯುಕ್ತವಾದ ಸುಳಿವು 2025ರಲ್ಲಿ ಬಂದ, ಐದು ಸಾವಿರಕ್ಕೂ ಹೆಚ್ಚು ಓಟಗಾರರ ಅಧ್ಯಯನದಲ್ಲಿದೆ: ಕಳೆದ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟವನ್ನು ಒಂದೇ ಓಟದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮೀರಿದಾಗ ಗಾಯದ ಸಾಧ್ಯತೆ ಏರುತ್ತಿತ್ತು. ಹಾಗಾಗಿ ಏಳನೆಯ ವಾರದ ಬಳಿಕ ನೀವು ಕಣ್ಣಿಡಬೇಕಾದದ್ದು ವಾರದ ಮೊತ್ತಕ್ಕಿಂತ ಹೆಚ್ಚಾಗಿ ಒಂದೊಂದು ಓಟದ ಉದ್ದದ ಮೇಲೆ. ತಿಂಗಳಲ್ಲಿ ಒಂದು ಓಟಕ್ಕೆ ಅತಿ ಹೆಚ್ಚೆಂದರೆ 5 ಕಿಲೋಮೀಟರ್ ಓಡಿದವರು ಮುಂದೆ ಐದೂವರೆ ಓಡಬಹುದು. ಭಾನುವಾರದ ಗುಂಪು ಹನ್ನೆರಡು ಕಿಲೋಮೀಟರಿಗೆ ಹೊರಟಿದೆ ಎಂದು ಜತೆಗೆ ಹೋಗಬಾರದು.

ಗುಂಪಿನ ವಿಷಯ ಬಂದದ್ದರಿಂದ ಒಂದು ಮಾತು. ಒಟ್ಟಿಗೆ ಓಡುವುದರಿಂದ ಶಿಸ್ತು ಉಳಿಯುತ್ತದೆ ನಿಜ, ಆದರೆ ಮರಳುವ ದಿನಗಳಲ್ಲಿ ಗುಂಪು ಕಾಲೆಳೆಯುತ್ತದೆ. ಹಿಂದೆ ಬೀಳುವುದನ್ನು ಯಾರೂ ಇಷ್ಟಪಡುವುದಿಲ್ಲ. ಮೊದಲ ಏಳು ವಾರ ಒಬ್ಬರೇ ಓಡಿ, ಚಹಾದ ಹೊತ್ತಿಗೆ ಗುಂಪನ್ನು ಸೇರಿಕೊಳ್ಳಿ.

ಹೆಜ್ಜೆ 5: ವೇಗಕ್ಕೆ ಬೀಗ

ಈ ಹಂತದ ಓಟವೆಲ್ಲ ಮಾತಾಡುತ್ತಾ ಓಡುವ ವೇಗದಲ್ಲಿರಬೇಕು. ಜತೆಗೆ ಯಾರೂ ಇಲ್ಲದಿದ್ದರೆ ಬಾಯಿಪಾಠ ಬರುವ ಷಟ್ಪದಿಯೊಂದನ್ನು ಹೇಳುತ್ತಾ ಓಡಿ. ಸಾಲು ಮುಗಿದಾಗ ಉಸಿರು ತೆಗೆದುಕೊಂಡರೆ ಸಾಕಾಗುತ್ತಿದ್ದರೆ ವೇಗ ಸರಿಯಾಗಿದೆ. ಪದಪದಕ್ಕೂ ಉಸಿರು ಬೇಕಾದರೆ ನಡೆಯಬೇಕಾದ ಹೊತ್ತು ಬಂತು. ಕೈಗಡಿಯಾರದಲ್ಲಿ ಹೃದಯಬಡಿತ ನೋಡುವವರು 180ರಿಂದ ತಮ್ಮ ವಯಸ್ಸನ್ನು ಕಳೆದು, ಗಾಯದಿಂದ ಮರಳುತ್ತಿದ್ದರೆ ಇನ್ನೂ 5, ದೊಡ್ಡ ಕಾಯಿಲೆಯಿಂದ ಎದ್ದಿದ್ದರೆ 10 ಕಳೆದು, ಅದನ್ನು ಮೇಲಿನ ಮಿತಿಯಾಗಿ ಇಟ್ಟುಕೊಳ್ಳಬಹುದು. ಇದು ಅಮೆರಿಕದ ಫಿಲ್ ಮ್ಯಾಫೆಟೋನ್ ಬಳಕೆಗೆ ತಂದ ಅಂದಾಜು ಲೆಕ್ಕ. ದೇಹದಿಂದ ದೇಹಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ. ರಕ್ತದೊತ್ತಡಕ್ಕೆ ನಾಡಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಇಂಥ ಯಾವ ಸೂತ್ರವೂ ಹೊಂದುವುದಿಲ್ಲ, ಅವರು ಮಾತಿನ ಪರೀಕ್ಷೆಯನ್ನೇ ನಂಬಬೇಕು. ನನ್ನ ಮಟ್ಟಿಗೆ ಎಲ್ಲರೂ ಅದನ್ನೇ ನಂಬುವುದು ಒಳ್ಳೆಯದು. ಮಣಿಕಟ್ಟಿನ ಗಡಿಯಾರ ಬೆವರಿನಲ್ಲಿ ಏನೇನೋ ಅಂಕೆ ತೋರಿಸುವುದುಂಟು.

ನಮ್ಮ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ತರಬೇತಿ ಪಟ್ಟಿಯೂ ಇಲ್ಲಿ ನಡೆಯುವುದಿಲ್ಲ. ಬೆವರು ಆವಿಯಾದಾಗ ಮಾತ್ರ ಮೈ ತಂಪಾಗುತ್ತದೆ. ತೇವ ತುಂಬಿದ ಗಾಳಿಯಲ್ಲಿ ಅದು ಆವಿಯಾಗದೆ ಹನಿಹನಿಯಾಗಿ ಉದುರಿ ಹೋಗುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದತ್ತ ಹರಿಯುವುದರಿಂದ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಮಳೆಗಾಲವಿಡೀ ಮನೆಯೊಳಗೆ ಅಥವಾ ಎಸಿ ಕಚೇರಿಯಲ್ಲಿ ಕಳೆದವರು ಆ ಒಗ್ಗಿಕೆಯನ್ನೂ ಕಳೆದುಕೊಂಡಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಓಡಿ, ಬೆಂಗಳೂರಿನ ಸ್ನೇಹಿತರ ವೇಗದ ಜತೆ ನಿಮ್ಮದನ್ನು ಹೋಲಿಸಬೇಡಿ. ಸಂಜೆ ಓಡುವವರು ಅಕ್ಟೋಬರ್ ನವೆಂಬರ್‌ನ ಗುಡುಗು ಮಳೆಯನ್ನು ಮರೆಯಬಾರದು. ಮಧ್ಯಾಹ್ನದ ನಂತರ ಕಟ್ಟುವ ಆ ಮೋಡಗಳ ಸಿಡಿಲಿಗೆ ಬಯಲಾಗಿರುವ ಕಡಲ ಕಿನಾರೆಯೂ ಮುರಕಲ್ಲಿನ ಪದವೂ (ಎತ್ತರದ ಬೋಳು ಬಯಲು) ಅತಿ ಅಪಾಯದ ಜಾಗಗಳು.

ತಲೆ ಸಿಡಿಯುವುದು, ವಾಂತಿ ಬಂದಂತಾಗುವುದು, ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾಗುವುದು, ಮಾತು ತೊದಲುವುದು ಇವು ಬಿಸಿಯಾಘಾತದ ಮುನ್ಸೂಚನೆಗಳು. ಓಟ ನಿಲ್ಲಿಸಿ ನೆರಳಿಗೆ ಬಂದು ತಲೆ ಮೈ ಮೇಲೆ ನೀರು ಸುರಿಸಿಕೊಳ್ಳಬೇಕು. ಮಾತು ಗೊಂದಲವಾದರೆ ಜತೆಯಲ್ಲಿದ್ದವರು ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಹೆಜ್ಜೆ 6: ನೆಲದ ಆಯ್ಕೆ

ಬೇಕಲದಂಥ ಕಡೆ ಕಡಲ ಕಿನಾರೆಯ ಓಟ ನೋಡಲು ಚಂದ, ಮರಳುವವರಿಗೆ ಮಾತ್ರ ಒಳ್ಳೆಯ ಆರಂಭವಲ್ಲ. ಸಡಿಲ ಮರಳಿನಲ್ಲಿ ಹಿಮ್ಮಡಿ ಆಳಕ್ಕೆ ಇಳಿಯುವುದರಿಂದ ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ಭಾರ ಹೆಚ್ಚು. ನೀರಿನ ಅಂಚಿನ ಗಟ್ಟಿ ಮರಳು ಕಡಲಿನತ್ತ ಓರೆಯಾಗಿರುತ್ತದೆ, ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಓಡಲೇಬೇಕೆಂದಿದ್ದರೆ ಕಡಲಿನ ಇಳಿತದ ಹೊತ್ತಿನಲ್ಲಿ, ಬೂಟು ಹಾಕಿಕೊಂಡು, ಹೋದಷ್ಟೇ ದೂರ ಮರಳಿ ಬನ್ನಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಏರು ಇಳಿತ ತಪ್ಪಿದ್ದಲ್ಲ. ಏರಿನಲ್ಲಿ ಉಸಿರು ಕಟ್ಟುತ್ತದೆ, ಆದರೆ ಕಾಲಿನ ಎಲುಬಿಗೂ ಮೊಣಕಾಲಿಗೂ ಪೆಟ್ಟು ಬೀಳುವುದು ಇಳಿಜಾರಿನಲ್ಲಿ. ಆದ್ದರಿಂದ ಮೊದಲ ತಿಂಗಳು ಇಳಿಜಾರನ್ನು ನಡೆದೇ ಇಳಿಯಿರಿ. ಶಾಲೆಯ ಮೈದಾನ ಸಿಗುವಂತಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದು ಸುತ್ತು ಎಡಕ್ಕೆ ಓಡಿದರೆ ಇನ್ನೊಂದು ಸುತ್ತು ಬಲಕ್ಕೆ ಓಡಿ. ರಾಷ್ಟ್ರೀಯ ಹೆದ್ದಾರಿ 66ರ ಬದಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮಳೆ ಪೂರ್ತಿ ಬಿಡುವ ಮೊದಲೇ ಶುರುಮಾಡುವವರು, ಕಾಲಿನಲ್ಲಿ ಗಾಯ ಅಥವಾ ಬಿರುಕು ಇದ್ದರೆ ನಿಂತ ನೀರಿಗೆ ಕಾಲಿಡಬೇಡಿ. ಇಲಿಜ್ವರ ಹರಡುವುದು ಹೀಗೆಯೇ. ಬದಲಿ ವ್ಯಾಯಾಮವಾಗಿ ಕೆರೆ ಕೊಳಗಳಲ್ಲಿ ಈಜುವ ಯೋಚನೆಯಿದ್ದವರು, ನಿಂತ ನೀರಿನಿಂದ ಅಮೀಬಿಕ್ ಮೆದುಳುಜ್ವರ ಬಂದ ಪ್ರಕರಣಗಳ ಬಗ್ಗೆ ಕೇರಳದ ಆರೋಗ್ಯ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ನೀಡಿರುವ ಎಚ್ಚರಿಕೆಯನ್ನು ಗಮನಿಸಬೇಕು. ದಮ್ಮು ಬೆಳೆಸಲು ಸೈಕಲ್ ಸಾಕು. ಕಾಲಿಗೆ ಪೆಟ್ಟು ಬೀಳದ ಶ್ರಮ ಅದು. ಹುರುಪು ತಡೆಯಲಾಗದ ದಿನ ಅದರ ಮೇಲೆ ತೀರಿಸಿಕೊಳ್ಳಬಹುದು.

ಹೆಜ್ಜೆ 7: ವಿಶ್ರಾಂತಿ ಮತ್ತು ಊಟ

ಓಟವಿಲ್ಲದ ದಿನ ಎಂದರೆ ವಿಶ್ರಾಂತಿಯ ದಿನ ಎಂದು ತಿಳಿದವರು ಅದೇ ದಿನ ಬೆಳಗ್ಗಿನಿಂದ ಸಂಜೆವರೆಗೆ ಗೊಬ್ಬರ ಹೊತ್ತಿರುತ್ತಾರೆ, ಇಲ್ಲವೇ ಗುಡ್ಡೆಯ ತೋಟದಲ್ಲಿ ಸೊಪ್ಪು ಕಡಿದು ಹೊರೆ ಇಳಿಸಿರುತ್ತಾರೆ. ಬೆನ್ನಿಗೂ ಮೊಣಕಾಲಿಗೂ ಅದು ದುಡಿಮೆಯೇ. ಅಂಥ ದಿನವನ್ನು ಓಟದ ದಿನವೆಂದೇ ಲೆಕ್ಕ ಹಾಕಿ, ಮರುದಿನ ಬಿಡುವು ಕೊಡಿ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಬೆಳಗ್ಗೆಯೂ ಓಟ ಬೇಡ. ನಿದ್ದೆಯಿಲ್ಲದ ದೇಹ ದುರಸ್ತಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟಿರುತ್ತದೆ.

ಬೆಳಗ್ಗೆ ಏಳುವ ಮೊದಲು ಮಲಗಿದಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡುವ ಅಭ್ಯಾಸ ಒಳ್ಳೆಯದು. ಒಂದು ವಾರದಲ್ಲಿ ನಿಮ್ಮ ಸಹಜ ಅಂಕೆ ತಿಳಿಯುತ್ತದೆ. ಅದಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದು, ಮೈ ಭಾರವೆನಿಸಿದರೆ ಅಂದು ನಡಿಗೆ ಸಾಕು.

ಬಿಡುವಿನಲ್ಲಿ ಏರಿದ ತೂಕವನ್ನು ಓಟದ ಜತೆಗೇ ಇಳಿಸಬೇಕೆಂದು ಅನ್ನ ಬಿಡುವವರು ಬಹಳ. ದಯವಿಟ್ಟು ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಶ್ರಮಕ್ಕೆ ತಕ್ಕ ಊಟ ಸಿಗದಾಗ ದೇಹ ಎಲುಬು ಕಟ್ಟುವಂಥ ಕೆಲಸಗಳನ್ನು ಹಿಂದಕ್ಕೆ ತಳ್ಳುತ್ತದೆ. ಕ್ರೀಡಾಪಟುಗಳಲ್ಲಿ ಕಾಣುವ ಈ ಶಕ್ತಿ ಕೊರತೆಯ ಸ್ಥಿತಿಯನ್ನು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಹೆಸರಿಟ್ಟು ಗುರುತಿಸಿದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪುವುದು ಅದರ ಸ್ಪಷ್ಟ ಲಕ್ಷಣ; ಓಟ ಹೆಚ್ಚಾದರೆ ಹೀಗಾಗುವುದು ಸಹಜ ಎಂದು ಹೇಳುವವರ ಮಾತನ್ನು ಕೇಳದೆ ವೈದ್ಯರನ್ನು ಕಾಣಿ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಮೀನು ಅಥವಾ ಮೊಟ್ಟೆ, ಮೊಸರು ಇಷ್ಟಿದ್ದರೆ ಡಬ್ಬಿಯ ಪುಡಿಗಳಿಗೆ ದುಡ್ಡು ಸುರಿಯಬೇಕಾಗಿಲ್ಲ.

ಬೊಂಡದ ನೀರಿನ ಬಗ್ಗೆ ನಮ್ಮಲ್ಲಿರುವ ನಂಬಿಕೆ ಅರ್ಧ ಮಾತ್ರ ಸರಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಉಪ್ಪಿನಂಶ ಕಡಿಮೆ. ಒಂದು ಗಂಟೆಯೊಳಗಿನ ಓಟಕ್ಕೆ ನೀರೇ ಸಾಕು. ಅದಕ್ಕೂ ಹೆಚ್ಚಾದರೆ ಒಆರ್‌ಎಸ್ ಅಥವಾ ಉಪ್ಪು ಹಾಕಿದ ಗಂಜಿತಿಳಿ ಬೇಕು. ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ನೀರು ಕುಡಿಯುವುದರಿಂದ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಹೆಜ್ಜೆ 8: ನೋವನ್ನು ಓದುವುದು

ಓಟ ಮತ್ತೆ ಶುರುಮಾಡಿದಾಗ ಮೈ ನೋಯುವುದು ಸಹಜ. ಸ್ನಾಯುವಿನ ನೋವು ಎರಡೂ ಕಾಲಿನಲ್ಲಿ ಹರಡಿಕೊಂಡಿರುತ್ತದೆ, ಒಂದೆರಡು ದಿನಗಳಲ್ಲಿ ಹೆಚ್ಚಾಗಿ ಬಳಿಕ ತಾನಾಗಿ ಇಳಿಯುತ್ತದೆ. ನೋವಿಗೆ 0ರಿಂದ 10ರವರೆಗೆ ಅಂಕ ಕೊಡಿ. ಓಡುವಾಗ 3ನ್ನು ಮೀರದೆ, ಮರುದಿನ ಬೆಳಗ್ಗೆ ಹಿಂದಿನ ಮಟ್ಟಕ್ಕೆ ಮರಳಿದರೆ ಕ್ರಮವನ್ನು ಮುಂದುವರಿಸಬಹುದು. ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂದಿನ ರಜ್ಜು ಬಿಗಿದಿದ್ದರೆ, ಆ ಬಿಗಿತ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಉಳಿಯುತ್ತಿದ್ದರೆ, ಒಂದು ವಾರ ಹಿಂದಕ್ಕೆ ಹೋಗಿ.

ಬೆರಳಿಟ್ಟು ತೋರಿಸಬಹುದಾದ ಎಲುಬಿನ ನೋವು, ಓಡುತ್ತಾ ಹೋದಂತೆ ಹೆಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಇವು ಬೇರೆ ಜಾತಿ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತಿರುವ ಸೂಚನೆ ಅದಾಗಿರಬಹುದು. ಮೊದಲ ವಾರಗಳಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗುವುದು ಸಾಮಾನ್ಯ, ಎಂಆರ್‌ಐಯಲ್ಲಿ ಕಾಣುತ್ತದೆ. ಎಕ್ಸ್‌ರೇ ಸರಿಯಾಗಿದೆ ಎಂದು ಓಟ ಮುಂದುವರಿಸಿದವರು ಆರು ವಾರದಲ್ಲಿ ಮುಗಿಯಬೇಕಾದ ತೊಂದರೆಯನ್ನು ಆರು ತಿಂಗಳಿಗೆ ಎಳೆದುಕೊಳ್ಳುತ್ತಾರೆ. ಓಟದ ಮೊದಲು ನೋವಿನ ಮಾತ್ರೆ ನುಂಗುವುದಂತೂ ಕೂಡದು. ಅದು ನೋವನ್ನು ಮುಚ್ಚಿಡುತ್ತದೆ, ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಶ್ರಮದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ಊದಿಕೊಂಡಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೆಜ್ಜೆ 9: ವೇಗ ಮತ್ತು ಸ್ಪರ್ಧೆ

30 ನಿಮಿಷದ ಓಟವನ್ನು ವಾರಕ್ಕೆ ಮೂರು ಬಾರಿಯಂತೆ ಎರಡು ವಾರ ನೋವಿಲ್ಲದೆ ಮುಗಿಸಿದ ಮೇಲೆ ಮೊದಲು ನಾಲ್ಕನೆಯ ದಿನವನ್ನು ಸೇರಿಸಿ, ಬಳಿಕ ಒಂದು ಓಟದ ಉದ್ದವನ್ನು ಹೆಚ್ಚಿಸಿ, ವೇಗವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಒಂದು ವಾರದಲ್ಲಿ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ. ವೇಗದ ಆರಂಭಕ್ಕೆ ಹಗುರ ಓಟದ ಕೊನೆಯಲ್ಲಿ 20 ಸೆಕೆಂಡಿನ ನಾಲ್ಕು ಚುರುಕು ಓಟ ಸಾಕು, ನಡುವೆ ಪೂರ್ತಿ ಸುಧಾರಿಸಿಕೊಳ್ಳುವವರೆಗೆ ನಡಿಗೆ. ಪೊಸಡಿಗುಂಪೆಯಂಥ ಗುಡ್ಡೆ ಹತ್ತುವ ಓಟಗಳು ಅದಕ್ಕೂ ಮುಂದಿನ ತಿಂಗಳ ಮಾತು.

ಅಕ್ಟೋಬರ್ ಮೊದಲ ವಾರ ಶೂನ್ಯದಿಂದ ತೊಡಗಿದವರು ನವೆಂಬರ್ ಕೊನೆಗೆ ಅರ್ಧ ಗಂಟೆಯ ಓಟಕ್ಕೆ ಬಂದಿರುತ್ತಾರೆ. ಜನವರಿಯ 42.195 ಕಿಲೋಮೀಟರಿಗೆ ಅದು ಸಾಲದು, ಹಣ ಕಟ್ಟಿದ್ದರೂ ಸಾಲದು. ಆ ಹೊತ್ತಿಗೆ 5 ಅಥವಾ 10 ಕಿಲೋಮೀಟರಿನ ಸ್ಪರ್ಧೆಯೊಂದನ್ನು ಮಾತಾಡುವ ವೇಗದಲ್ಲೇ ಮುಗಿಸಬಹುದು. ಅರ್ಧ ಮ್ಯಾರಥಾನನ್ನು ಮಾರ್ಚ್ ಕಡೆಗೆ ಇಟ್ಟುಕೊಳ್ಳುವುದು ನ್ಯಾಯ. ನಡುವೆ ಮದುವೆ, ಜಾತ್ರೆ, ಜ್ವರ ಎಂದು ಒಂದು ವಾರ ತಪ್ಪಿದರೆ ತಪ್ಪಿದ ಓಟಗಳನ್ನು ಮುಂದಿನ ವಾರಕ್ಕೆ ತುರುಕಬೇಡಿ. ತಪ್ಪಿದ್ದು ಒಂದು ವಾರವಾದರೆ ಅದೇ ವಾರದ ಕ್ರಮದಿಂದ ಮುಂದುವರಿಯಿರಿ, ಎರಡು ವಾರವಾದರೆ ಎರಡು ವಾರ ಹಿಂದಿನ ಕ್ರಮಕ್ಕೆ ಹೋಗಿ, ಒಂದು ತಿಂಗಳೇ ಆಗಿದ್ದರೆ ಮೆಟ್ಟಿಲ ಬಳಿ ಹಿಮ್ಮಡಿ ಎತ್ತುವ ಪರೀಕ್ಷೆಯಿಂದ ಮತ್ತೆ ತೊಡಗಿ.